ನಾಲ್ಕು ಪಾವಿಗೆ ತುಂಬದ ಸೇರು

ನಾನು ಒಂದು ಪಾವು. ಸೇರಿನ ಕಾಲು ಭಾಗ. ಎದೆ ತಟ್ಟಿ ಹಾಗೆ ಹೇಳಿಕೊಳ್ಳುವ ಯೋಗ್ಯತೆ ನನಗೆ ಹುಟ್ಟಿನಿಂದಲೇ ಇತ್ತು. ಅದನ್ನು ಕಿತ್ತುಕೊಂಡವರ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಈಗ ಒಂದು ಶಾಲೆಯ ಕಿಟಕಿಯ ಕಟ್ಟೆಯ ಮೇಲೆ ತುಕ್ಕು ಹಿಡಿಯುತ್ತ ಕೂತಿದ್ದೇನೆ. ನನ್ನ ಕಥೆ ಕೇಳಿ ಅಯ್ಯೋ ಪಾಪ ಎನ್ನಬೇಡಿ. ನನಗೆ ಬೇಕಾಗಿರುವುದು ಅದಲ್ಲ.

ನನ್ನನ್ನು ಮಾಡಿದವನು ತಿಪಟೂರಿನ ಹಳೇ ಪೇಟೆಯ ಮುನಿಯಾಚಾರಿ. ಕಬ್ಬಿಣದ ತಗಡನ್ನು ಬಾಗಿಸಿ, ಕೂಡಿಸಿ, ತಳ ಕೂರಿಸಿ, ಬಾಯಿಯ ಸುತ್ತ ಒಂದು ಪಟ್ಟಿ ಬಿಗಿದು ನನ್ನನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ನನ್ನ ಜೊತೆಯಲ್ಲೇ ಹುಟ್ಟಿದವರು ಸೇರು, ಅಚ್ಚೇರು, ಚಟಾಕು. ಸೇರು ನಮ್ಮ ಹಿರಿಯಣ್ಣ, ಅಚ್ಚೇರು ಅವನ ಅರ್ಧ, ನಾನು ಕಾಲು, ಚಟಾಕು ನನ್ನಲ್ಲೂ ಕಾಲು. ಮುನಿಯಾಚಾರಿ ನನಗೆ ರಾಗಿ ತುಂಬಿ, ಕೋಲಿನಿಂದ ಬಾಯಿ ಸವರಿ, ಸೇರಿಗೆ ಸುರಿದ. ನಾಲ್ಕು ಸಲ ಸುರಿದ ಮೇಲೆ ಒಂದು ಚಿಟಿಕೆ ರಾಗಿ ಸೇರಿನಿಂದ ಹೊರಗೆ ಚೆಲ್ಲಿತು. ಬೇರೆಯವನಾಗಿದ್ದರೆ ಹೋಗಲಿ ಎನ್ನುತ್ತಿದ್ದ. ಇವನು ನನ್ನ ಬಾಯಿಯನ್ನು ಅರದಿಂದ ಉಜ್ಜಿ ಮತ್ತೆ ಅಳೆದ, ಮತ್ತೆ ಉಜ್ಜಿದ. ಕೊನೆಗೆ ನಾಲ್ಕನೆಯ ಪಾವು ಸುರಿದಾಗ ರಾಗಿ ಸೇರಿನ ಅಂಚಿಗೆ ಸರಿಯಾಗಿ ಬಂದು ನಿಂತಿತು.

"ಚಿಕ್ಕದು ಅಂತ ಅಳಬ್ಯಾಡ ಕಣಪ್ಪಾ," ಎಂದ ನನ್ನ ಬೆನ್ನು ತಟ್ಟಿ. "ನಾಕು ಸಲ ಬಗ್ಗಿದ್ರೆ ನೀನೇ ಸೇರು."

ಕಾಲು ಎಂದರೆ ಏನು ಎಂದು ನಾನು ಕಲಿತದ್ದು ಅವತ್ತು. ಚಿಕ್ಕದಾಗಿದ್ದ ಮಾತ್ರಕ್ಕೆ ಕಾಲು ಆಗುವುದಿಲ್ಲ. ಒಂದನ್ನು ನಾಲ್ಕು ಮಾಡಿ, ಆ ನಾಲ್ಕೂ ಒಂದಕ್ಕೊಂದು ಸಮ ಇದ್ದರೆ ಮಾತ್ರ ಅದರಲ್ಲಿ ಒಂದು ಕಾಲು. ಒಂದು ಚೂರು ಆಚೀಚೆ ಆದರೂ ಅದು ಬರೀ ತುಂಡು. ತುಂಡು ಯಾರು ಬೇಕಾದರೂ ಆಗಬಹುದು. ಕಾಲು ಆಗುವುದಕ್ಕೆ ನಿಯತ್ತು ಬೇಕು.

ಆಮೇಲೆ ಅಳತೆ ಪರೀಕ್ಷಿಸುವವರು ಬಂದು ನನ್ನ ಅಂಚಿಗೆ ಸರ್ಕಾರದ ಮುದ್ರೆ ಒತ್ತಿದರು. ಅವತ್ತಿನ ಮಟ್ಟಿಗೆ ಆ ಮುದ್ರೆ ಸುಳ್ಳಾಗಿರಲಿಲ್ಲ.

ನಮ್ಮ ನಾಲ್ವರನ್ನೂ ಕೊಂಡುಕೊಂಡವನು ಪುರಿ ಪರಮೇಶಣ್ಣ. ಪೇಟೆ ಬೀದಿಯಲ್ಲಿ ಕಡ್ಲೆಪುರಿ, ಹುರಿಗಡಲೆ, ಬತ್ತಾಸು ಮಾರುವ ಅಂಗಡಿ. ಕಿಲೋ ಬಂದು ಪೇಟೆಯೆಲ್ಲ ತಕ್ಕಡಿ ಹಿಡಿದರೂ ಪುರಿ ಮಾತ್ರ ಸೇರು ಪಾವಿನಲ್ಲೇ ಉಳಿಯಿತು. ಗಾಳಿಯಂಥ ಪುರಿಯನ್ನು ಯಾರು ತೂಗುತ್ತಾರೆ? ಹಾಗಾಗಿ ನಮಗೆ ಕೆಲಸ ತಪ್ಪಲಿಲ್ಲ. ಮೊದಲ ಕೆಲವು ವರ್ಷ ನಾನು ತಲೆ ಎತ್ತಿಕೊಂಡೇ ದುಡಿದೆ.

ಆಮೇಲೆ ಒಂದು ದಿನ ಪರಮೇಶಣ್ಣ ನನ್ನನ್ನು ಒಬ್ಬನನ್ನೇ ಚೀಲಕ್ಕೆ ಹಾಕಿಕೊಂಡು ಹೊರಟ. ಮುನಿಯಾಚಾರಿಯ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಬೈಸಿಕೊಂಡು ಬರುತ್ತಿದ್ದ. ಊರಾಚೆ ಡಬ್ಬ ರಿಪೇರಿ ಮಾಡುವವನೊಬ್ಬನ ಹತ್ತಿರ ಹೋದ. ಆ ಪುಣ್ಯಾತ್ಮ ನನ್ನನ್ನು ಬೋರಲು ಮಲಗಿಸಿ, ತಳಕ್ಕೆ ಸುತ್ತಿಗೆಯಿಂದ ಬಡಿದು ಒಳಗೆ ಉಬ್ಬಿಸಿದ. ಹೊರಗಿನಿಂದ ನೋಡಿದರೆ ತಳದಲ್ಲಿ ಒಂದು ಸಣ್ಣ ಗುಳಿ, ಅಷ್ಟೆ. ಒಳಗೆ ಮಾತ್ರ ಒಂದು ಬೋಳುಗುಡ್ಡ ಎದ್ದು, ಆ ಜಾಗದ ಪುರಿ ಪರಮೇಶಣ್ಣನ ಮೂಟೆಯಲ್ಲೇ ಉಳಿಯುವ ಹಾಗಾಯಿತು.

ಸೇರಣ್ಣನನ್ನು ಯಾಕೆ ಮುಟ್ಟಲಿಲ್ಲ, ಗೊತ್ತೇ? ಸೇರುಗಟ್ಟಲೆ ಕೊಳ್ಳುವವರು ಮದುವೆ ಮನೆಯವರು, ಅನುಕೂಲಸ್ಥರು. ಅವರ ಮನೆಯಲ್ಲೂ ಸೇರು ಇರುತ್ತದೆ, ಅಳೆದು ನೋಡಿ ಜಗಳಕ್ಕೆ ಬರುತ್ತಾರೆ. ಪಾವು ಕೊಳ್ಳುವವರು ಕೂಲಿ ಮುಗಿಸಿಕೊಂಡು ಮಕ್ಕಳಿಗೆ ಏನಾದರೂ ಒಯ್ಯೋಣ ಎಂದು ಸೆರಗಿನ ಗಂಟು ಬಿಚ್ಚುವವರು. ಅವರಿಗೆ ಮೋಸ ಮಾಡಲು ನಾನೇ ಆಗಬೇಕಿತ್ತು. ಅದನ್ನು ನೆನೆದರೆ ಈಗಲೂ ನನ್ನ ತಗಡು ಬಿಸಿಯಾಗುತ್ತದೆ. ಪರಮೇಶಣ್ಣನೋ, ನನ್ನ ಬಾಯಿಯ ಮೇಲೆ ಪುರಿಯನ್ನು ಗೋಪುರ ಕಟ್ಟಿ, "ತಗಾ ತಾಯಿ, ಅಂಚಿಗಿಂತ ಮ್ಯಾಲೇ ಕೊಟ್ಟಿವ್ನಿ," ಎನ್ನುತ್ತಿದ್ದ. ತಳದಲ್ಲಿ ಕದ್ದು ತಲೆಯ ಮೇಲೆ ದಾನ ಮಾಡುವ ಧರ್ಮಾತ್ಮ! ಆ ಹೆಂಗಸರು ಗೋಪುರ ನೋಡಿ, ಮುದ್ರೆ ನೋಡಿ, ಕೈಮುಗಿದು ಹೋಗುತ್ತಿದ್ದರು.

ಅವನಿಗೊಬ್ಬಳು ಮಗಳು, ಶಶಿರೇಖಾ. ಅಂಗಡಿಯಲ್ಲೇ ಆಡಿ ಬೆಳೆದವಳು. ನಮ್ಮನ್ನು ಸಾಲಾಗಿ ಇಟ್ಟುಕೊಂಡು ಅಂಗಡಿಯಾಟ ಆಡುತ್ತಿದ್ದಳು. ಪೇಟೆಯಲ್ಲಿ ಅಳೆಯುವಾಗ ಯಾರೂ ಮೊದಲನೆಯದನ್ನು 'ಒಂದು' ಎನ್ನುವುದಿಲ್ಲ. 'ಲಾಭ' ಎನ್ನುತ್ತಾರೆ, ಆಮೇಲೆ ಎರಡು, ಮೂರು. ಅವಳೂ ಹಾಗೇ ಎಣಿಸುತ್ತಿದ್ದಳು. ಒಂದು ಸಲ ನನ್ನ ತಳ ತಡವಿ ನೋಡಿ ಕೇಳಿದಳು.

"ಅಪ್ಪಾ, ಪಾವಿನ ತಳ ಯಾಕೆ ಗುಳಿ ಬಿದ್ದೈತೆ?"

"ಅಲ್ಲಾಡ್ದಂಗೆ ಕೂತ್ಕಳ್ಳಲಿ ಅಂತ ಕಣವ್ವ," ಎಂದ ಅಪ್ಪ. ಮಗು ನಂಬಿತು. ಅಪ್ಪ ಹೇಳಿದ್ದನ್ನು ಮಕ್ಕಳು ನಂಬದೆ ಇನ್ನೇನು ಮಾಡುತ್ತವೆ?

ಪರಮೇಶಣ್ಣ ಸತ್ತ. ಅವನ ಫೋಟೋಕ್ಕೆ ಗಂಧದ ಹಾರ ಬಿತ್ತು, ಅಂಗಡಿಗೆ ಬೀಗ ಬಿತ್ತು. ಶಶಿರೇಖಾ ಅಷ್ಟು ಹೊತ್ತಿಗೆ ಟೀಚರಾಗಿ, ಊರಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಹೇಳುತ್ತಿದ್ದಳು. ಅಂಗಡಿ ಖಾಲಿ ಮಾಡುವಾಗ ನಮ್ಮನ್ನು ಗುಜರಿಗೆ ಹಾಕದೆ, ಹುಣಸೆಹಣ್ಣು ಹಚ್ಚಿ ತೊಳೆದು, ಶಾಲೆಗೆ ತಂದಳು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಖುಷಿಯಾಯಿತು. ಇನ್ನು ಯಾರಿಗೂ ಮೋಸ ಮಾಡಬೇಕಾಗಿಲ್ಲ ಎಂದುಕೊಂಡೆ. ನನ್ನ ಮುಟ್ಠಾಳತನ.

ಅವಳು ಕೆಟ್ಟ ಟೀಚರಲ್ಲ. ಭಿನ್ನರಾಶಿ ಪಾಠ ಎಂದರೆ ಎಲ್ಲರೂ ಬೋರ್ಡಿನ ಮೇಲೆ ಒಂದು ರೊಟ್ಟಿ ಬರೆದು, ಅದಕ್ಕೆ ಗೆರೆ ಎಳೆದು, ಒಂದರ ಕೆಳಗೆ ನಾಲ್ಕು ಬರೆದು ಮುಗಿಸುತ್ತಾರೆ. ಇವಳು ನಮ್ಮನ್ನು ಮೇಜಿನ ಮೇಲೆ ಸಾಲಾಗಿ ಕೂರಿಸಿದಳು. ನವೀದ ಎಂಬ ಹುಡುಗ ಎದ್ದು, ಎರಡಕ್ಕಿಂತ ನಾಲ್ಕು ದೊಡ್ಡದು, ಆದ್ದರಿಂದ ಅರ್ಧಕ್ಕಿಂತ ಕಾಲು ದೊಡ್ಡದು ಎಂದ. ಮಕ್ಕಳು ನಕ್ಕರು. ಅವಳು ನಗಲಿಲ್ಲ. ಅವನನ್ನು ಹತ್ತಿರ ಕರೆದು ಒಂದು ಕೈಗೆ ಅಚ್ಚೇರು, ಇನ್ನೊಂದು ಕೈಗೆ ನನ್ನನ್ನು ಕೊಟ್ಟಳು.

"ಒಂದೇ ಸೇರು ಪುರಿನ ಇಬ್ರು ಹಂಚ್ಕೊಂಡ್ರೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚ್ಕೊಂಡ್ರೋ?"

"ಇಬ್ರು ಮಿಸ್," ಎಂದ ನವೀದ. ಎಂದವನೇ ಕೈಯಲ್ಲಿದ್ದ ನನ್ನನ್ನೂ ಅಚ್ಚೇರನ್ನೂ ನೋಡಿ, "ಓ!" ಎಂದ. ಒಂದು ಮಗುವಿನ ಬಾಯಿಂದ ಅಂಥ 'ಓ' ಬಂದರೆ ಟೀಚರಿಗೆ ಅದೇ ಸಂಬಳ. ಅವತ್ತು ನನಗೂ ಅವಳ ಮೇಲೆ ಪ್ರೀತಿ ಬಂತು.

ಮಾರನೇ ವಾರ ಶಾಲೆ ಶಾಲೆ ತಿರುಗಿ ಪಾಠ ನೋಡುವ ಸಿ.ಆರ್.ಪಿ. ಸಾಹೇಬರು ಬಂದರು. ನಂಜಪ್ಪ ಎಂದು ಹೆಸರು. ನಮ್ಮ ಕಡೆಯವರಲ್ಲ. ಕುರ್ಚಿ ಹಾಕಿಸಿಕೊಂಡು ಹಿಂದೆ ಕೂತರು. ಶಶಿರೇಖಾ ಒಂದು ಪುಟ್ಟಿ ಮರಳು ತರಿಸಿಟ್ಟಿದ್ದಳು.

"ನಾಲ್ಕು ಕಾಲು ಸೇರಿದ್ರೆ ಎಷ್ಟು?"

"ಒಂದು ಪೂರ್ತೀ!" ಎಂದು ಕ್ಲಾಸು ಕೂಗಿತು.

"ಯಾರು ಅಳೆದು ತೋರಿಸ್ತೀರಿ?"

ಎದ್ದು ಬಂದವಳು ತನುಜಾ. ಕಡ್ಡಿಯಂಥ ಹುಡುಗಿ, ಮಾತು ಕಡಿಮೆ. ಅವಳ ಅಜ್ಜಿ ಹೊನ್ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿಯನ್ನು ಪಾವಿನಲ್ಲಿ ಅಳೆದು ಮಾರುವವಳು. ಸಂಜೆಹೊತ್ತು ಅಜ್ಜಿಯ ಪಕ್ಕದಲ್ಲಿ ಕೂತು ತನುಜಾಳೂ ಅಳೆಯುತ್ತಿದ್ದಳು. ಅದು ಅವಳು ನನ್ನನ್ನು ಹಿಡಿದ ರೀತಿಯಲ್ಲೇ ಗೊತ್ತಾಯಿತು. ಮರಳು ತುಂಬಿದಳು, ಅಂಗೈ ಚಪ್ಪಟೆ ಮಾಡಿ ಬಾಯಿ ಸವರಿದಳು, ಒಂದು ಕಣವೂ ಚೆಲ್ಲದಂತೆ ಸುರಿದಳು.

"ಲಾಭ. ಎರಡು. ಮೂರು. ನಾಕು."

ಬಗ್ಗಿ ಸೇರಿನೊಳಗೆ ನೋಡಿದಳು. ಸೇರಣ್ಣನ ಕುತ್ತಿಗೆ ಖಾಲಿ ಇತ್ತು.

"ಶಭಾಷ್, ತುಂಬ್ತಲ್ಲ. ಕೂತ್ಕೋ," ಎಂದಳು ಶಶಿರೇಖಾ, ನೋಡದೆಯೇ.

"ತುಂಬ್ಲಿಲ್ಲ ಮಿಸ್." ಹುಡುಗಿ ಮತ್ತೆ ನನಗೆ ಮರಳು ತುಂಬಿದಳು, ಸವರಿದಳು, ನಿಧಾನವಾಗಿ ಸುರಿದಳು. ನಾನು ಅರ್ಧ ಖಾಲಿಯಾಗುವಷ್ಟರಲ್ಲಿ ಸೇರು ತುಂಬಿತು. ಉಳಿದ ಮರಳನ್ನು ನೋಡಿ, ನನ್ನನ್ನು ಮೇಲೆತ್ತಿ ತೋರಿಸಿ ಹೇಳಿದಳು, "ನಾಕೂವರೆ ಹಿಡೀತು ಮಿಸ್."

ನಾಕೂವರೆ! ಯಾರೂ ಹೇಳಿಕೊಡದೆ, ಬೋರ್ಡಿನ ಮೇಲೆ ಗೆರೆ ಎಳೆಯದೆ, ಕಣ್ಣಾರೆ ಕಂಡು, ಆ ಮಗು ಭಿನ್ನರಾಶಿಯನ್ನು ಬಾಯಿಂದ ಆಡಿತು. ಇಡೀ ಕ್ಲಾಸಿನಲ್ಲಿ ಅವತ್ತು ಪಾಠ ಕಲಿತವಳು ಅವಳೊಬ್ಬಳೇ. ಅವಳನ್ನು ಎತ್ತಿ ಕುಣಿದಾಡಬೇಕಿತ್ತು.

ಸಿ.ಆರ್.ಪಿ. ಸಾಹೇಬರು ನಕ್ಕರು. "ಅದೇನಮ್ಮ ಲಾಭ? ಅದೊಂದು ಸಂಖ್ಯೆನಾ? ನೋಡಿ ಮೇಡಂ, ಒಂದು ಅನ್ನೋದನ್ನೇ ಹಾರಿಸಿ ಎರಡಕ್ಕೆ ಹೋದಳು. ಆಮೇಲೆ ಲೆಕ್ಕ ಹೇಗೆ ಸರಿ ಬರುತ್ತೆ? ಎಣಿಕೆನೇ ಬರದ ಮಕ್ಕಳಿಗೆ ಭಿನ್ನರಾಶಿ ಹೇಳ್ತಿದೀರಲ್ರೀ."

"ಲಾಭ ಅಂದ್ರೆ ಒಂದೇಯ ಸಾರ್," ಎಂದಳು ತನುಜಾ. "ನಮ್ಮಜ್ಜಿ ಪಾವಲ್ಲಿ ನಾಕು ಹಾಕಿದ್ರೆ ಸೇರು ತುಂಬ್ತದೆ. ಇದ್ರಾಗೆ ತುಂಬಕಿಲ್ಲ. ಈ ಪಾವೇ ಸರಿಯಿಲ್ಲ."

ನಾನು ಒಳಗೊಳಗೇ ಕೂಗಿಕೊಂಡೆ. ಶಶಿರೇಖಾ, ನೀನು ಪುರಿ ಅಂಗಡಿಯ ಮಗಳು. ಲಾಭ ಎಂದರೆ ಒಂದು ಎಂದು ನಿನಗೆ ಗೊತ್ತು. ಮಗು ನಾಲ್ಕನ್ನು ನಾಲ್ಕೇ ಎಣಿಸಿದೆ ಎಂದು ಹೇಳಲು ಒಂದು ಮಾತು ಸಾಕು. ಹೇಳು.

ಅವಳ ಮುಖ ಕೆಂಪಾಗಿತ್ತು. "ಬಾಯಿ ಮುಚ್ಚು! ಅದು ನಮ್ಮಪ್ಪನ ಅಂಗಡಿ ಪಾವು. ಊರೇ ನಂಬಿದ್ದ ಅಳತೆ. ಸಾರ್ ಹೇಳಿದ್ದು ಕೇಳಿಸ್ತಲ್ಲ, ಎಣಿಸೋಕೆ ಬರಲ್ಲ ನಿಂಗೆ." ಆಮೇಲೆ ಕ್ಲಾಸಿನ ಕಡೆ ತಿರುಗಿದಳು. "ಏನ್ರೋ, ನಾಲ್ಕಕ್ಕೆ ತುಂಬ್ತೋ ಇಲ್ವೋ?"

"ತುಂಬ್ತು ಮಿಸ್!" ಎಲ್ಲರೂ ನೋಡಿದ್ದರು, ಎಲ್ಲರೂ ಕೂಗಿದರು. ನವೀದನೂ ಕೂಗಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ಮಕ್ಕಳನ್ನು ನಾನು ಬೈಯುವುದಿಲ್ಲ. ಮಿಸ್ಸಿನ ಮುಖ ನೋಡಿ ಉತ್ತರ ಹೇಳುವುದನ್ನು ಅವಕ್ಕೆ ಒಂದನೇ ಕ್ಲಾಸಿನಿಂದ ಕಲಿಸಿದ್ದಾರೆ.

ತನುಜಾಳನ್ನು ಅದೇ ಕೋಣೆಯ ಇನ್ನೊಂದು ಮೂಲೆಗೆ, ನಲಿ-ಕಲಿಯ ಪುಟ್ಟ ಮಕ್ಕಳ ನಡುವೆ ಕೂರಿಸಿದರು. ಒಂದರಿಂದ ಎಣಿಸುವುದು ಕಲಿತು ಬಾ ಎಂದರು. ಅವಳ ಮೊಣಕಾಲು ಆ ಗಿಡ್ಡ ಮೇಜಿನಡಿ ಹಿಡಿಸುತ್ತಿರಲಿಲ್ಲ. ಪುಟ್ಟ ಮಕ್ಕಳು ಅವಳನ್ನು 'ಲಾಭ ಅಕ್ಕ' ಎಂದು ಕರೆಯತೊಡಗಿದವು. ಅವಳು ಅಳಲಿಲ್ಲ. ಸ್ಲೇಟಿನ ಮೇಲೆ ಒಂದು, ಎರಡು, ಮೂರು ಎಂದು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ನನಗೆ ಕೈಕಾಲಿದ್ದಿದ್ದರೆ ಆ ಮೇಜನ್ನು ಎತ್ತಿ ಬಿಸಾಡುತ್ತಿದ್ದೆ.

ಅವತ್ತು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಶಶಿರೇಖಾ ನನ್ನನ್ನು ತೊಳೆಯಲು ಎತ್ತಿಕೊಂಡಳು. ಒಳಗೆ ಅಂಟಿದ್ದ ಮರಳನ್ನು ಕೈ ಹಾಕಿ ಒರೆಸುವಾಗ ಅವಳ ಬೆರಳು ಆ ಉಬ್ಬಿಗೆ ತಾಗಿತು. ಒಂದು ಸಲ ತಡವಿದಳು. ಮಗುಚಿ ಹೊರಗಿನ ಗುಳಿ ನೋಡಿದಳು. ಮತ್ತೆ ಒಳಗೆ ತಡವಿದಳು. ಆಮೇಲೆ ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತು, ಮರಳು ತುಂಬಿ ತಾನೇ ಸುರಿದು ನೋಡಿದಳು. ನಾಕೂವರೆ. ಇನ್ನೊಂದು ಸಲ ಸುರಿದಳು. ನಾಕೂವರೆಯೇ.

"ಅಪ್ಪಾ," ಎಂದಳು.

ನನಗೆ ಅಯ್ಯೋ ಎನಿಸಿತು, ನಿಜ. ಸತ್ತ ಅಪ್ಪನನ್ನು ಕಳ್ಳ ಎಂದು ತಿಳಿಯುವುದು ಯಾರಿಗೂ ಬೇಡ. ಆದರೆ ನಾಳೆ ಬೆಳಿಗ್ಗೆ ಎಲ್ಲ ಸರಿಹೋಗುತ್ತದೆ, ಹುಡುಗಿಯನ್ನು ಕರೆದು 'ನೀನು ಹೇಳಿದ್ದೇ ಸರಿ' ಎನ್ನುತ್ತಾಳೆ ಎಂದು ನಾನು ನಂಬಿದ್ದೆ. ಅಪ್ಪನ ಹೆಸರು ಎತ್ತಬೇಕಾಗಿಯೂ ಇರಲಿಲ್ಲ. ಪಾವು ಜಜ್ಜಿಹೋಗಿದೆ ಎಂದರೂ ಸಾಕಿತ್ತು. ನಾನು ಒಪ್ಪಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದವಳು ಹೊನ್ನಮ್ಮ. ಜಗಳಕ್ಕೆ ಬಂದಿದ್ದಾಳೆ, ಚೆನ್ನಾಗಿ ಉಗಿಯಲಿ ಎಂದು ನಾನು ಹುರಿದುಂಬಿಸಿದೆ. ಆ ಮುದುಕಿ ಕೈಮುಗಿದಳು.

"ತಪ್ಪಾಯ್ತು ಮಿಸ್ಸಮ್ಮ. ಮಗೀಗೆ ಲಾಭ ಅನ್ನಾದ ಕಲ್ಸಿದ್ದು ನಾನೇಯ. ನಾವು ಓದ್ದೋರಲ್ಲ. ಇನ್ಮ್ಯಾಕೆ ಒಂದು ಅಂತಾಳೆ, ಹೇಳಿವ್ನಿ. ನಿಮ್ ಪಾವಿಗೇ ಹೆಸ್ರಿಟ್ಳಂತೆ, ಅದ್ಕೂ ಬೈದಿವ್ನಿ. ದ್ವಡ್ಡ ಕ್ಲಾಸಿಗೇ ಕುಂಡ್ರುಸ್ಕಳಿ."

ಶಶಿರೇಖಾ ನೆಲ ನೋಡಿದಳು.

"ಪರವಾಗಿಲ್ಲ ಬಿಡಿ ಅಜ್ಜಿ," ಎಂದಳು.

ಪರವಾಗಿಲ್ಲವಂತೆ! ಕದ್ದವರು ಇವರ ಕಡೆಯವರು, ಕ್ಷಮೆ ಕೇಳಿದವಳು ಆ ಮುದುಕಿ, ಕ್ಷಮಿಸಿದವಳು ಇವಳು. ನನ್ನ ಹೊಟ್ಟೆಯನ್ನು ಸುತ್ತಿಗೆಯಿಂದ ಬಡಿದ ದಿನವೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಪರಮೇಶಣ್ಣ ಕೊಳ್ಳುವವರ ಕಣ್ಣು ತಪ್ಪಿಸಿ ಒಂದು ಹಿಡಿ ಪುರಿ ಕದ್ದ. ಇವಳು ಒಂದು ಮಗು ಕಣ್ಣಾರೆ ಕಂಡ ನಿಜವನ್ನೇ ಕದ್ದಳು.

ತನುಜಾಳನ್ನು ಅವತ್ತೇ ವಾಪಸ್ ನಾಲ್ಕನೇ ಕ್ಲಾಸಿಗೆ ಕರೆದುಕೊಂಡರು. ಶಶಿರೇಖಾ ಅವಳಿಗೆ ಹೊಸ ಜಾಮಿಟ್ರಿ ಬಾಕ್ಸ್ ತಂದುಕೊಟ್ಟಳು, ಮುಂದಿನ ಸಾಲಿನಲ್ಲಿ ಕೂರಿಸಿದಳು, ಹೋಂವರ್ಕಿಗೆ ಗುಡ್ ಹಾಕಿದಳು. ಎಲ್ಲ ಕೊಟ್ಟಳು, ಆ ಒಂದು ಮಾತನ್ನು ಬಿಟ್ಟು. ಭಿನ್ನರಾಶಿಗೆ ಮತ್ತೆ ಬಣ್ಣದ ಕಾಗದದ ರೊಟ್ಟಿಗಳು ಬಂದವು. ನಮ್ಮನ್ನು ಕಿಟಕಿಯ ಕಟ್ಟೆಗೆ ಎತ್ತಿಟ್ಟು, ಮಕ್ಕಳು ಬೇಕಾದರೆ ಆಡಿಕೊಳ್ಳಲಿ ಎಂದಳು. ಪರೀಕ್ಷೆಯಲ್ಲಿ ತನುಜಾಳಿಗೆ ಭಿನ್ನರಾಶಿಯಲ್ಲಿ ಪೂರ್ತಿ ಮಾರ್ಕ್ಸ್ ಬಂತು. ಬೋರ್ಡಿನ ಮೇಲೆ ಏನಿತ್ತೋ ಅದನ್ನೇ ಬರೆದಿದ್ದಳು. ಕ್ಲಾಸಿನಲ್ಲಿ ತಾನಾಗಿ ಕೈ ಎತ್ತುವುದನ್ನು ಮಾತ್ರ ಬಿಟ್ಟಿದ್ದಳು. ಕೇಳಿದರೆ ಮೊದಲು ಮಿಸ್ಸಿನ ಮುಖ ನೋಡುತ್ತಿದ್ದಳು, ಆಮೇಲೆ ಉತ್ತರ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಬಿಸಿಯೂಟಕ್ಕೆ ಹೋಗಿದ್ದಾಗ ಅವಳೊಬ್ಬಳೇ ಒಳಗೆ ಬಂದಳು. ಸುತ್ತ ನೋಡಿ ನನ್ನನ್ನೂ ಸೇರಣ್ಣನನ್ನೂ ಕೆಳಗಿಳಿಸಿದಳು. ಮೂಲೆಯ ಪುಟ್ಟಿಯಿಂದ ಮರಳು ತುಂಬಿ ಸುರಿದಳು. ಈ ಸಲ ಬಾಯಿ ಬಿಟ್ಟು ಎಣಿಸಲಿಲ್ಲ, ತುಟಿ ಅಲ್ಲಾಡುತ್ತಿತ್ತು ಅಷ್ಟೆ. ನಾಲ್ಕಾಯಿತು, ಸೇರು ತುಂಬಲಿಲ್ಲ. ಮತ್ತರ್ಧ ಹಾಕಿದಳು, ತುಂಬಿತು. ನನ್ನೊಳಗೆ ಕೈ ಹಾಕಿ ಹೆಬ್ಬೆರಳಿನಿಂದ ಆ ಉಬ್ಬನ್ನು ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಅವಳ ಮುಖದಲ್ಲಿ ಒಂದು ನಗು ಬಂತು. ಎಷ್ಟು ದಿನದಿಂದ ಕಾದಿದ್ದೆ ಆ ನಗುವಿಗೆ!

ಬಾಗಿಲಲ್ಲಿ ಶಶಿರೇಖಾ ನಿಂತಿದ್ದಳು. ಯಾವಾಗ ಬಂದಳೋ, ಎಲ್ಲವನ್ನೂ ನೋಡಿದ್ದಳು. ಹತ್ತಿರ ಬಂದು, ತುಂಬ ಮೆತ್ತಗೆ ಕೇಳಿದಳು.

"ಎಷ್ಟು ಹಿಡೀತು, ತನುಜಾ?"

ಆ ದನಿಯಲ್ಲಿ ಬೇಡುವವರ ದನಿ ಇತ್ತು. ಹುಡುಗಿ ಒಮ್ಮೆ 'ನಾಕೂವರೆ' ಎಂದುಬಿಟ್ಟರೆ ಸಾಕು, ಹೌದು ಕಣೆ ಎಂದು ತಬ್ಬಿಕೊಳ್ಳಲು ಸಿದ್ಧಳಾಗಿ ನಿಂತಿದ್ದಳು. ತಾನು ಮೊದಲು ಹೇಳಬೇಕಾದದ್ದನ್ನು ಮಗುವಿನ ಬಾಯಿಂದಲೇ ಹೇಳಿಸಿಕೊಳ್ಳುವ ಆಸೆ ಅವಳದು.

ತನುಜಾ ತಟ್ಟನೆ ಎದ್ದಳು. ಲಂಗಕ್ಕೆ ಮೆತ್ತಿದ್ದ ಮರಳು ಕೊಡವಿದಳು. ಕೈ ಹಿಂದೆ ಕಟ್ಟಿಕೊಂಡಳು. ಮಿಸ್ಸಿನ ಮುಖವನ್ನು ಒಂದು ಸಲ ನೋಡಿದಳು.

"ನಾಕು, ಮಿಸ್."

"ಸರಿಯಾಗಿ ನೋಡು ಪುಟ್ಟಾ..."

"ನಾಕೇ ಮಿಸ್. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಕಾಲು ಸೇರಿದ್ರೆ ಒಂದು ಪೂರ್ತಿ." ಪುಸ್ತಕದಲ್ಲಿದ್ದ ಹಾಗೇ ಒಪ್ಪಿಸಿ, "ಊಟಕ್ಕೋಗ್ಲಾ ಮಿಸ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಡಿದಳು.

ಶಶಿರೇಖಾ ನನ್ನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತು ಅತ್ತಳು. ಅಳಲಿ ಎಂದುಕೊಂಡೆ. ಅಳುವುದು ಸುಲಭ. ಯಾರೂ ಇಲ್ಲದಾಗ ಅಳುವುದು ಇನ್ನೂ ಸುಲಭ.

ಈಗ ತನುಜಾ ಆರನೇ ಕ್ಲಾಸು. ಅದೇ ಕಾಂಪೌಂಡಿನ ಆಚೆ ಕಟ್ಟಡ. ದಿನಾ ಬೆಳಿಗ್ಗೆ ಈ ಕಿಟಕಿಯ ಮುಂದೆಯೇ ಹಾದುಹೋಗುತ್ತಾಳೆ. ಎತ್ತರವಾಗಿದ್ದಾಳೆ. ಎದುರು ಸಿಕ್ಕರೆ "ನಮಸ್ತೆ ಮಿಸ್" ಎಂದು ತಲೆ ತಗ್ಗಿಸುತ್ತಾಳೆ. ಶಶಿರೇಖಾ ಕಿಟಕಿಯ ಹತ್ತಿರ ಬಂದು ಅವಳು ಹೋಗುವವರೆಗೂ ನೋಡುತ್ತ ನಿಲ್ಲುತ್ತಾಳೆ. ಅವಳ ಕೈ ನನ್ನ ಅಂಚಿನ ಮೇಲೆ ಇರುತ್ತದೆ. ಅವಳನ್ನು ಕರೆ, ಇನ್ನೂ ಹೊತ್ತು ಮೀರಿಲ್ಲ, ಒಂದೇ ಒಂದು ಮಾತು ಹೇಳು ಎಂದು ನಾನು ದಿನಾ ಕಿರುಚುತ್ತೇನೆ. ಒಂದೊಂದು ದಿನ ಅವಳು ಬಾಯಿ ತೆರೆಯುವುದೂ ಉಂಟು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಹುಡುಗಿ ದಾಟಿಹೋಗುತ್ತಾಳೆ. ಶಶಿರೇಖಾ ಸೀಮೆಸುಣ್ಣ ಎತ್ತಿಕೊಂಡು, ಬೋರ್ಡಿನ ಕಡೆ ತಿರುಗಿ, ಹೊಸ ಮಕ್ಕಳಿಗೆ ಒಂದು ರೊಟ್ಟಿ ಬರೆಯುತ್ತಾಳೆ.